ಮೊಟ್ಟೆ ಬಿಟ್ಟರೂ ಹೊಟ್ಟೆನೋವು ಬಿಡಲಿಲ್ಲ, ಯಾಕೆ?

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಹತ್ತಿರ ಇರುವವರು. ಮಗನಿಗೆ 9 ವರ್ಷ. ಎರಡು ವರ್ಷದವನಿದ್ದಾಗಲೇ ಮೊಟ್ಟೆ ಆಗುವುದಿಲ್ಲ ಅಂತ ಗೊತ್ತಾಯಿತು. ಆಮ್ಲೆಟ್ ಚೂರು ತಿಂದರೂ ಹತ್ತು ನಿಮಿಷಕ್ಕೆ ತುಟಿ ಊದಿ, ಹೊಟ್ಟೆ ನುಲಿದು ವಾಂತಿ. ಮನೆಯಲ್ಲಿ ಮೊಟ್ಟೆ ಕೊಡುವುದಿಲ್ಲ. ಆದರೆ ಮದುವೆ ಮನೆ, ಬರ್ತ್‌ಡೇ ಕೇಕ್ ಅಂತ ಅಲ್ಲಿ ಇಲ್ಲಿ ಹೊಟ್ಟೆಗೆ ಹೋಗಿಬಿಡುತ್ತದೆ. ಕೇಕಿಗೆ ತುಟಿ ಊದುವುದಿಲ್ಲ, ಹೊಟ್ಟೆ ಮಾತ್ರ ಎರಡು ಮೂರು ದಿನ ಕೆಟ್ಟಿರುತ್ತದೆ. ಒಂದು ವರ್ಷದಿಂದ ಮೊಟ್ಟೆ ಮುಟ್ಟದ ದಿನವೂ ನೋವು ಅನ್ನುತ್ತಾನೆ. ಅಲರ್ಜಿ ಮಾತ್ರೆಗೆ ತುರಿಕೆ ನಿಲ್ಲುತ್ತದೆ, ಹೊಟ್ಟೆನೋವು ನಿಲ್ಲುವುದಿಲ್ಲ. ರಕ್ತ ಪರೀಕ್ಷೆಯಲ್ಲಿ 14 ಪದಾರ್ಥ ಪಾಸಿಟಿವ್ ಬಂದಿದೆ, ಏಡಿ, ಸೀಗಡಿ ಕೂಡ. ಒಳಗೆ ನಿಜವಾಗಿ ಏನಾಗುತ್ತಿದೆ? ದಿನಾ ಚೂರು ಚೂರು ಕೊಟ್ಟರೆ ಅಭ್ಯಾಸ ಆಗುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಹೌದಾ?

ಉತ್ತರ: ಹೆಚ್ಚಿನವರು "ಏನು ಕೊಡಬಾರದು" ಅಂತ ಕೇಳಿ ಎದ್ದು ಹೋಗುತ್ತಾರೆ. ನೀವು ಒಳಗೆ ಏನಾಗುತ್ತಿದೆ ಅಂತ ಕೇಳಿದ್ದೀರಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಅತ್ತೆಯವರ ಮಾತಿಗೂ ಬರುತ್ತೇನೆ. ಅದು ನೀವು ಅಂದುಕೊಂಡಷ್ಟು ಹುಚ್ಚು ಮಾತಲ್ಲ.

ಕರುಳನ್ನು ಬಿಡಿಸಿ ಹಾಸಿದರೆ ಟೆನಿಸ್ ಕೋರ್ಟಿನಷ್ಟು ಆಗುತ್ತದೆ ಅಂತ ನಾವು ಓದುವಾಗ ಪಾಠ ಇತ್ತು. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಅಳೆದು ನೋಡಿದರು. ಸುಮಾರು 32 ಚದರ ಮೀಟರ್ ಬಂತು, ಅಂದರೆ ಅರ್ಧ ಬ್ಯಾಡ್ಮಿಂಟನ್ ಕೋರ್ಟು. ಇದೇನು ಕಡಿಮೆಯಲ್ಲ. ದೊಡ್ಡವರ ಚರ್ಮವೇ ಎರಡು ಚದರ ಮೀಟರಿನ ಆಸುಪಾಸು. ಇಷ್ಟು ಜಾಗಕ್ಕೆ ಬೇಲಿ ಅಂತ ಇರುವುದು ಒಂದೇ ಸಾಲು ಜೀವಕೋಶ, ಅದರ ಮೇಲೆ ಒಂದಿಷ್ಟು ಲೋಳೆ. ಆ ಕೋಶಗಳೂ ಮೂರರಿಂದ ಐದು ದಿನಕ್ಕೊಮ್ಮೆ ಉದುರಿ ಹೊಸವು ಬರುತ್ತವೆ. ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಈ ಬೇಲಿಯ ಹಿಂದೆಯೇ ಕೂತಿದೆ.

ದಿನಕ್ಕೆ ಮೂರು ಹೊತ್ತು ಹೊರಗಿನ ವಸ್ತು ಇಲ್ಲಿಗೆ ಬರುತ್ತದೆ. ಅಕ್ಕಿ, ಹಂದಿ, ಕೋಳಿ, ಹಲಸು, ಯಾವುದೂ ನಮ್ಮ ದೇಹದ್ದಲ್ಲ. ಬಹುಪಾಲು ಪ್ರೋಟೀನ್ ಜೀರ್ಣವಾಗಿ ಚೂರಾಗುತ್ತದೆ. ಆದರೂ ಒಂಚೂರು ಹಾಗೇ ಇಡಿಯಾಗಿ ಒಳಗೆ ನುಸುಳುತ್ತದೆ. ನಿಮಗೂ ನನಗೂ ಹೀಗೇ ಆಗುತ್ತದೆ. ಅಷ್ಟಾದರೂ ಕರುಳು ಜಗಳಕ್ಕೆ ಹೋಗುವುದಿಲ್ಲ. ನನಗೆ ಈ ವಿಷಯದಲ್ಲಿ ಅಲರ್ಜಿಗಿಂತ ಜಾಸ್ತಿ ಆಶ್ಚರ್ಯ ಅನಿಸುವುದು ಈ ತಾಳ್ಮೆಯೇ.

ತಾಳ್ಮೆಯನ್ನು ಕಲಿಸುವ ಕೆಲಸ ಡೆಂಡ್ರಿಟಿಕ್ ಕೋಶಗಳದ್ದು. ತೋಟದ ಲೆಕ್ಕ ಬರೆಯುವ ರೈಟರ್ ಇದ್ದ ಹಾಗೆ ಇವು. ಬೇಲಿ ಪಕ್ಕ ಓಡಾಡಿಕೊಂಡು, ಬಂದ ಪ್ರೋಟೀನಿನ ಚೂರು ಎತ್ತಿಕೊಂಡು, ಹೊಟ್ಟೆಯೊಳಗಿನ ದುಗ್ಧಗ್ರಂಥಿಗೆ ಹೋಗಿ ಲೆಕ್ಕ ಒಪ್ಪಿಸುತ್ತವೆ. ಅಲ್ಲಿ ಅದನ್ನು ನೋಡುವ ಟಿ ಕೋಶ ಅನ್ನುವ ರೋಗನಿರೋಧಕ ಕೋಶಗಳಲ್ಲಿ ಕೆಲವು "ಇದು ಊಟ, ಸುಮ್ಮನಿರಿ" ಅಂತ ಉಳಿದವರನ್ನು ತಡೆಯುವ ಕೋಶಗಳಾಗುತ್ತವೆ. ಈ ಪಾಠಕ್ಕೆ ವಿಟಮಿನ್ ಎ ಇಂದ ತಯಾರಾಗುವ ಒಂದು ವಸ್ತುವೂ ಬೇಕು. ಇದು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯೂ ಅಲ್ಲ. 1911ರಲ್ಲೇ ಅಮೆರಿಕದ ವೆಲ್ಸ್ ಮತ್ತು ಓಸ್ಬರ್ನ್ ಗಿನಿಪಿಗ್‌ಗಳಲ್ಲಿ ಇದನ್ನು ನೋಡಿದ್ದರು. ಮೊದಲು ಒಂದು ಪ್ರೋಟೀನನ್ನು ತಿನ್ನಿಸಿಟ್ಟ ಪ್ರಾಣಿಗೆ ಆಮೇಲೆ ಅದನ್ನೇ ಚುಚ್ಚಿದರೆ ಅಲರ್ಜಿಯ ಆಘಾತ ಆಗುತ್ತಿರಲಿಲ್ಲ.

ನಿಮ್ಮ ಮಗನಿಗೆ ಮೊಟ್ಟೆಯ ವಿಷಯದಲ್ಲಿ ಈ ಪಾಠ ಆಗಲಿಲ್ಲ. ಯಾಕೆ ಅಂತ ಒಂದೊಂದು ಮಗುವಿಗೂ ಕೈ ತೋರಿಸಿ ಹೇಳಲು ಬರುವುದಿಲ್ಲ. ಆದರೆ ಒಂದು ದಾರಿ ಮತ್ತೆ ಮತ್ತೆ ಕಾಣಿಸುತ್ತದೆ. ಚಿಕ್ಕವನಿದ್ದಾಗ ಕೆನ್ನೆ, ಮೊಣಕೈ ಸಂದಿಯಲ್ಲಿ ಎಸ್ಜಿಮಾ ಅನ್ನುವ ತುರಿಕೆಯ ಚರ್ಮರೋಗ ಇತ್ತಾ, ನೆನಪು ಮಾಡಿಕೊಳ್ಳಿ. ಒಡೆದ ಚರ್ಮದ ಮೂಲಕ ಮೊಟ್ಟೆಯ ಅಂಶ ಮೊದಲು ಒಳಗೆ ಹೋದರೆ ದೇಹಕ್ಕೆ ಅದರ ಪರಿಚಯ ಆಗುವುದು ಗಾಯದ ಜಾಗದಲ್ಲಿ. ಅಲ್ಲಿನ ಚರ್ಮದ ಕೋಶಗಳು ಅಪಾಯದ ಗಂಟೆ ಬಾರಿಸುತ್ತಿರುತ್ತವೆ. ಗಂಟೆ ಕೇಳಿದ ಟಿ ಕೋಶ ಟಿಎಚ್-2 ಅನ್ನುವ ಬಗೆಯದಾಗುತ್ತದೆ. ಅದು ಪ್ರತಿಕಾಯ ತಯಾರಿಸುವ ಬಿ ಕೋಶಕ್ಕೆ ಐಜಿಇ ಅನ್ನುವ ಬಗೆಯದನ್ನು ತಯಾರಿಸಲು ಹೇಳುತ್ತದೆ. ಬಾಯಿಯ ಮೂಲಕ ಬಂದರೆ ನೆಂಟ, ಒಡೆದ ಚರ್ಮದ ಮೂಲಕ ಬಂದರೆ ಕಳ್ಳ. ಮೊಟ್ಟೆ ಎರಡೂ ಕಡೆ ಒಂದೇ.

ಐಜಿಇ ರಕ್ತದಲ್ಲಿ ಜಾಸ್ತಿ ದಿನ ಬಾಳುವುದಿಲ್ಲ. ಎರಡು ದಿನಕ್ಕೆ ಅರ್ಧದಷ್ಟು ಕರಗಿ ಹೋಗುತ್ತದೆ. ಆದರೆ ಮಾಸ್ಟ್ ಕೋಶ ಅನ್ನುವ ರೋಗನಿರೋಧಕ ಕೋಶದ ಮೈಗೆ ಅಂಟಿಕೊಂಡರೆ ವಾರಗಟ್ಟಲೆ ಅಲ್ಲೇ ಕೂತಿರುತ್ತದೆ. 1921ರಲ್ಲಿ ಜರ್ಮನಿಯಲ್ಲಿ ಇದನ್ನು ತೋರಿಸಿದ ರೀತಿ ಸ್ವಾರಸ್ಯವಾಗಿದೆ. ಕುಸ್ಟ್ನರ್ ಅನ್ನುವ ವೈದ್ಯರಿಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಜೊತೆಯ ಸಂಶೋಧಕ ಪ್ರೌಸ್ನಿಟ್ಸ್ ತಮ್ಮ ಚರ್ಮಕ್ಕೇ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ದಡಸಲು, ಅಂದರೆ ಊದಿದ ದದ್ದು, ಎದ್ದಿತು. ಇವತ್ತು ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಿಗೆ ಕೊಡುವುದಿಲ್ಲ ಬಿಡಿ. ಸೀರಮ್ಮಿನಲ್ಲಿದ್ದ ವಸ್ತು ಐಜಿಇ ಅಂತ ಗೊತ್ತಾಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಈಗ ಆ ಮಾಸ್ಟ್ ಕೋಶದ ವಿಷಯ. ಇವು ತೋಟದ ಲೈನ್ ಮನೆಯಲ್ಲೇ ಸಂಸಾರ ಹೂಡಿದ ಆಳುಗಳ ಹಾಗೆ, ಕರುಳಿನ ಗೋಡೆಯಲ್ಲೇ ತಿಂಗಳುಗಟ್ಟಲೆ ಬಾಳುತ್ತವೆ. ರಕ್ತನಾಳ, ನರದ ತುದಿ ಪಕ್ಕದಲ್ಲೇ ಮನೆ. ಈ ಕೋಶಗಳ ಒಡಲ ತುಂಬಾ ಮಾತ್ರೆ ಮಾತ್ರೆಯಂಥ ಗಂಟುಗಳು. 1878ರಲ್ಲಿ ಜರ್ಮನಿಯ ವಿಜ್ಞಾನಿ ಪೌಲ್ ಎರ್ಲಿಕ್ ಇವುಗಳಿಗೆ ಹೆಸರಿಟ್ಟಾಗ ಚೆನ್ನಾಗಿ ತಿಂದು ಕೊಬ್ಬಿದ ಕೋಶ ಅಂದುಕೊಂಡಿದ್ದರು. ಜರ್ಮನ್ ಭಾಷೆಯಲ್ಲಿ "ಮಾಸ್ಟ್" ಅಂದರೆ ಅದೇ ಅರ್ಥ. ಆ ಗಂಟುಗಳಲ್ಲಿ ಇರುವುದು ತುರಿಕೆ, ಊತ ತರುವ ಹಿಸ್ಟಮಿನ್ ಮತ್ತು ಇತರ ಸಾಮಾನು. ಮೊಟ್ಟೆಯ ಪ್ರೋಟೀನ್ ಬಂದು ಮೈ ಮೇಲಿನ ಐಜಿಇಗೆ ತಾಗಿದರೆ ಕೆಲವೇ ನಿಮಿಷದಲ್ಲಿ ಗಂಟು ಬಿಚ್ಚುತ್ತದೆ. ನಿಮ್ಮ ಹತ್ತು ನಿಮಿಷದ ಲೆಕ್ಕ ಇದೇ.

ಹಿಸ್ಟಮಿನ್ ಮೊದಲೇ ಕಟ್ಟಿಟ್ಟ ಬುತ್ತಿ. ಅದು ಖರ್ಚಾಗುತ್ತಿದ್ದ ಹಾಗೆ ಮಾಸ್ಟ್ ಕೋಶ ಹೊಸದಾಗಿ ಲ್ಯೂಕೋಟ್ರೈನ್ ಅನ್ನುವ ವಸ್ತುಗಳನ್ನು ತಯಾರಿಸತೊಡಗುತ್ತದೆ. ಅವು ಸ್ನಾಯುವನ್ನು ಹಿಂಡುತ್ತವೆ, ನೀರು ಒಸರುವಂತೆ ಮಾಡುತ್ತವೆ. ನಿಮ್ಮ ಅಲರ್ಜಿ ಮಾತ್ರೆ ತಡೆಯುವುದು ಹಿಸ್ಟಮಿನ್ ಒಂದನ್ನೇ. ಚರ್ಮದ ತುರಿಕೆಯಲ್ಲಿ ಹಿಸ್ಟಮಿನ್ನಿನದ್ದೇ ದೊಡ್ಡ ಪಾತ್ರ, ಅದಕ್ಕೆ ತುರಿಕೆ ನಿಂತಿತು. ಹೊಟ್ಟೆಯಲ್ಲಿ ಬೇರೆಯವರೂ ಕೆಲಸದಲ್ಲಿದ್ದಾರೆ. 2025ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನಗಳಂತೂ, ಆಹಾರದಿಂದ ಶುರುವಾಗುವ ತೀವ್ರ ಅಲರ್ಜಿಯಲ್ಲಿ ಕರುಳಿನ ಮಟ್ಟಿಗೆ ಲ್ಯೂಕೋಟ್ರೈನ್‌ಗಳೇ ಮುಖ್ಯ ಅಂತ ತೋರಿಸಿವೆ. ಇಲಿಗಳ ಮೇಲೆ ಪರೀಕ್ಷಿಸಿದ ಔಷಧಿಯನ್ನು ಹಾಗೇ ಮಗುವಿಗೆ ಕೊಡಲು ಬರುವುದಿಲ್ಲ. ಆದರೆ ನಿಮ್ಮ ಅನುಭವಕ್ಕೆ ಕಾರಣ ಸಿಕ್ಕಿತು, ಅಲ್ವಾ? ಮಾತ್ರೆಯ ಡೋಸ್ ಜಾಸ್ತಿ ಮಾಡಿದರೆ ಹೊಟ್ಟೆನೋವು ಹೋಗುತ್ತದೆ ಅಂತ ದಯವಿಟ್ಟು ಪ್ರಯತ್ನಿಸಬೇಡಿ. ಮಗು ತರಗತಿಯಲ್ಲಿ ತೂಕಡಿಸುವುದು ಬಿಟ್ಟರೆ ಬೇರೆ ಲಾಭ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಒಂದು ಸಲದ ಜಗಳ. ಪದೇ ಪದೇ ಆದರೆ ಕರುಳಿನ ಜನಸಂಖ್ಯೆಯೇ ಬದಲಾಗುತ್ತದೆ. ನಿಮ್ಮ ಪ್ರಶ್ನೆಯ ತಿರುಳು ಇದೇ ಅಂತ ನನಗೆ ಅನಿಸುತ್ತದೆ.

ಪ್ರತಿ ಸಲ ಟಿಎಚ್-2 ಕೋಶಗಳು ಮೂರು ನಾಲ್ಕು ಬಗೆಯ ಸಂದೇಶ ಕಳಿಸುತ್ತವೆ. ಐಎಲ್-9 ಅನ್ನುವುದು ಮಾಸ್ಟ್ ಕೋಶಗಳನ್ನು ಹೆಚ್ಚಿಸುತ್ತದೆ. ಲೈನ್ ಮನೆಗೆ ಹೊಸ ಸಂಸಾರಗಳು ಬಂದ ಹಾಗೆ. ಐಎಲ್-5 ಮೂಳೆಯ ಮಜ್ಜೆಯಿಂದ ಇಯೊಸಿನೋಫಿಲ್ ಅನ್ನುವ ಬಿಳಿ ರಕ್ತಕಣಗಳನ್ನು ಕರೆಸುತ್ತದೆ. ಇವು ಕಾಫಿ ಕುಯ್ಲಿಗೆ ಜೀಪಿನಲ್ಲಿ ಬಂದಿಳಿಯುವ ಆಳುಗಳ ಹಾಗೆ. ಕೆಲವು ದಿನ ಇದ್ದು ಮುಗಿಯುತ್ತವೆ, ಆದರೆ ಕರೆ ಬರುತ್ತಿದ್ದರೆ ಹೊಸ ಜೀಪು ಬರುತ್ತಲೇ ಇರುತ್ತದೆ. ಐಎಲ್-13 ಬೇಲಿಯ ಕೋಶಗಳ ನಡುವಿನ ಬಿಗಿಯನ್ನು ಸಡಿಲ ಮಾಡುತ್ತದೆ. ಇಲ್ಲಿ ಒಂದು ಕೆಟ್ಟ ಸುತ್ತು ಶುರುವಾಗುತ್ತದೆ. ಬೇಲಿ ಸಡಿಲವಾದರೆ ಇನ್ನಷ್ಟು ಪ್ರೋಟೀನ್ ನುಸುಳುತ್ತದೆ. ನುಸುಳಿದ್ದಕ್ಕೆ ಇನ್ನಷ್ಟು ಕೋಶ ಬರುತ್ತವೆ. ಬಂದ ಕೋಶಗಳು ಬೇಲಿಯನ್ನು ಇನ್ನಷ್ಟು ಕೆಡಿಸುತ್ತವೆ. ನಿಯಂತ್ರಿಸಬೇಕಾದ ಕೋಶಗಳ ಮಾತು ಆ ಗದ್ದಲದಲ್ಲಿ ಕೇಳಿಸುವುದಿಲ್ಲ.

ಮೊಟ್ಟೆ ಮುಟ್ಟದ ದಿನದ ನೋವಿಗೂ ಇಲ್ಲೇ ಒಂದು ಕಾರಣ ಇರಬಹುದು. ಮಾಸ್ಟ್ ಕೋಶದ ಪಕ್ಕದಲ್ಲೇ ನರದ ತುದಿ ಇರುತ್ತದೆ ಅಂದೆನಲ್ಲ. ಮತ್ತೆ ಮತ್ತೆ ಕೆಣಕಿಸಿಕೊಂಡ ನರ ಬಾವು ಬಂದ ಬೆರಳಿನ ಹಾಗೆ ಆಗುತ್ತದೆ. ಸುಮ್ನೆ ಗಾಳಿ ತುಂಬಿದರೂ, ಕರುಳು ಮಾಮೂಲಿಯಾಗಿ ಹಿಂಡಿದರೂ ನೋವು ಅಂತ ಕೂಗುತ್ತದೆ. ಕೇಕ್ ತಿಂದು ಮೂರು ದಿನ ಆದ ಮೇಲೂ ಮಗು ಹೊಟ್ಟೆ ಹಿಡಿದುಕೊಂಡರೆ ಅದು ನಾಟಕ ಅಲ್ಲ. ಶಾಲೆ ತಪ್ಪಿಸಲು ಅಂತ ಬೈಯ್ಯುವ ಮೊದಲು ಇದೊಂದು ನೆನಪಿರಲಿ.

ಇನ್ನೊಂದು ಸಂಗತಿ ಹೇಳಲೇಬೇಕು. 2023ರಲ್ಲಿ ಎರಡು ಬೇರೆ ಬೇರೆ ತಂಡಗಳು ಮೊಟ್ಟೆ ಅಲರ್ಜಿ ಇರುವ ಇಲಿಗಳ ಮುಂದೆ ಎರಡು ಬಾಟಲಿ ಇಟ್ಟವು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಮೊಟ್ಟೆಯ ಬಿಳಿ ಭಾಗದ ಪ್ರೋಟೀನ್. ಇಲಿಗಳು ಮೊಟ್ಟೆಯ ಬಾಟಲಿ ಬಿಟ್ಟವು. ಐಜಿಇ ಇಲ್ಲದ ಅಥವಾ ಮಾಸ್ಟ್ ಕೋಶ ಇಲ್ಲದ ಇಲಿಗಳು ಹಾಗೆ ಬಿಡಲಿಲ್ಲ. ಅಂದರೆ ಕರುಳಿನ ಕೋಶ ಮಿದುಳಿಗೆ ಹೇಳಿ ಕಳಿಸುತ್ತದೆ, "ಅದು ಬೇಡ" ಅಂತ. ಕೆಲವು ಮಕ್ಕಳು ವಾಸನೆಗೇ ಮುಖ ತಿರುಗಿಸುವುದು ಬರೀ ಹಠ ಅಂತ ನಾನು ಈಗ ಹೇಳುವುದಿಲ್ಲ.

ಸರಿ, 14 ಪಾಸಿಟಿವ್. ಆ ಕಾಗದ ನೋಡಿ ನೀವು ಗಾಬರಿಯಾದದ್ದು ನನಗೆ ಅರ್ಥವಾಗುತ್ತದೆ. ಆದರೆ ಪರೀಕ್ಷೆ ಹೇಳುವುದು ಐಜಿಇ ಇದೆ ಅಂತ ಮಾತ್ರ. ಮಗು ತಿಂದರೆ ಏನಾಗುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಕರ್ನಾಟಕದ ದೊಡ್ಡವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ಅದರಲ್ಲಿ ಒಂದಲ್ಲ ಒಂದು ಆಹಾರಕ್ಕೆ ಐಜಿಇ ಇದ್ದವರು 26.5 ಶೇಕಡ. ಆಹಾರ ಅಲರ್ಜಿ ಇದೆ ಅನ್ನಬಹುದಾದವರು 1.2 ಶೇಕಡ. ಎರಡು ಅಂಕಿಗಳ ನಡುವಿನ ಅಂತರ ನೋಡಿ. ಲಕ್ಷಣ ಕೇಳದೆ ಉದ್ದದ ಪಟ್ಟಿ ಪರೀಕ್ಷೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ದುಡ್ಡೂ ಹೋಗುತ್ತದೆ, ಮಗುವಿನ ತಟ್ಟೆಯೂ ಖಾಲಿಯಾಗುತ್ತದೆ.

ಏಡಿ, ಸೀಗಡಿಗೆ ಇನ್ನೊಂದು ವಿವರಣೆ ಇದೆ. ಅವುಗಳ ಸ್ನಾಯುವಿನಲ್ಲಿರುವ ಟ್ರೋಪೋಮಯೋಸಿನ್ ಅನ್ನುವ ಪ್ರೋಟೀನ್ ಮನೆಯ ಧೂಳಿನ ನುಸಿಯಲ್ಲೂ, ಜಿರಲೆಯಲ್ಲೂ ಹೆಚ್ಚು ಕಡಿಮೆ ಅದೇ ರೂಪದಲ್ಲಿದೆ. ನಮ್ಮ ಕೊಡಗಿನ ಮಳೆಗಾಲದಲ್ಲಿ ಕಂಬಳಿ, ಹಾಸಿಗೆ ಒಣಗುವುದೇ ಇಲ್ಲ. ನುಸಿಗೆ ಅದಕ್ಕಿಂತ ಸುಖದ ಊರು ಬೇಡ. ನುಸಿಗೆ ಐಜಿಇ ಬೆಳೆಸಿಕೊಂಡ ಮಗುವಿನ ಪರೀಕ್ಷೆಯಲ್ಲಿ ಏಡಿಯೂ ಪಾಸಿಟಿವ್ ಬರಬಹುದು. ನನ್ನದೂ ಬರುತ್ತದೆ. ಚಿಕ್ಕಂದಿನಲ್ಲಿ ಗದ್ದೆಯ ಏಡಿ ಹಿಡಿದು ತಿಂದು ಬೆಳೆದವನು ನಾನು, ಈಗಲೂ ಆರಾಮವಾಗಿ ತಿನ್ನುತ್ತೇನೆ. ನಿಮ್ಮ ಮಗ ಇದುವರೆಗೆ ಏಡಿ ಸಾರು ತಿಂದು ಏನೂ ಆಗಿಲ್ಲ ಅಂದರೆ ಕಾಗದ ನೋಡಿ ನಿಲ್ಲಿಸಬೇಡಿ.

ಈ ಅಂಕಣ ಓದುವ ದೊಡ್ಡವರಿಗೆ ನಡುವೆ ಒಂದು ಮಾತು. ಪಂದಿ ಕರಿ ತಿಂದು ಮಲಗಿ ಮಧ್ಯರಾತ್ರಿ ಮೈಯೆಲ್ಲ ದಡಸಲು, ಹೊಟ್ಟೆನೋವು ಅಂತ ಎದ್ದರೆ ವೈದ್ಯರು ರಕ್ತ ಹೀರುವ ಉಣ್ಣೆ ಹುಳ ಕಚ್ಚಿತ್ತಾ ಅಂತ ಕೇಳಬೇಕು. ಕೆಲವು ಜಾತಿಯ ಉಣ್ಣೆ ಕಚ್ಚಿದವರಿಗೆ ಹಂದಿ, ಕುರಿ, ದನದ ಮಾಂಸದಲ್ಲಿರುವ ಆಲ್ಫಾ-ಗ್ಯಾಲ್ ಅನ್ನುವ ಸಕ್ಕರೆಗೆ ಅಲರ್ಜಿ ಬರುತ್ತದೆ. ಅದು ತಿಂದ ಮೂರರಿಂದ ಆರು ಗಂಟೆ ಬಿಟ್ಟು ತೋರುವುದರಿಂದ ಊಟಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಕೋಳಿ, ಮೀನಿನಲ್ಲಿ ಆ ಸಕ್ಕರೆ ಇಲ್ಲ.

ಈಗ ಅತ್ತೆಯವರ ಮಾತು. ಚೂರು ಚೂರು ಕೊಟ್ಟು ಅಭ್ಯಾಸ ಮಾಡಿಸುವುದು ನಿಜವಾಗಿಯೂ ಒಂದು ಚಿಕಿತ್ಸೆ. ತೀರ ಸಣ್ಣ ಪ್ರಮಾಣದಿಂದ ಶುರು ಮಾಡಿ ತಿಂಗಳುಗಟ್ಟಲೆ ಏರಿಸುತ್ತಾ ಹೋದರೆ ಮಾಸ್ಟ್ ಕೋಶಗಳು ಸುಲಭಕ್ಕೆ ಕೆರಳುವುದಿಲ್ಲ. ಐಜಿಜಿ-4 ಅನ್ನುವ ಇನ್ನೊಂದು ಪ್ರತಿಕಾಯ ಹೆಚ್ಚುತ್ತದೆ. ಅದು ಮೊಟ್ಟೆಯ ಪ್ರೋಟೀನನ್ನು ಐಜಿಇಗೆ ಸಿಗುವ ಮೊದಲೇ ಹಿಡಿದುಕೊಳ್ಳುತ್ತದೆ. ಆದರೆ ಅದನ್ನು ಆಸ್ಪತ್ರೆಯಲ್ಲಿ, ತೀವ್ರ ಅಲರ್ಜಿಗೆ ಚುಚ್ಚುವ ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಮಿಲಿಗ್ರಾಂ ಲೆಕ್ಕದಲ್ಲಿ ಶುರು ಮಾಡುತ್ತಾರೆ. ಅಡುಗೆ ಮನೆಯಲ್ಲಿ ಚಮಚದ ತುದಿಯಲ್ಲಿ ಅಂದಾಜು ಮಾಡುವ ಕೆಲಸ ಅಲ್ಲ. ಜ್ವರ ಇದ್ದ ದಿನ, ಓಡಿ ಆಡಿ ದಣಿದ ದಿನ ನಿನ್ನೆ ತಡೆದುಕೊಂಡ ಪ್ರಮಾಣವೇ ಇವತ್ತು ಕೆಡಿಸಬಹುದು. ಕೊಡುವುದನ್ನು ನಿಲ್ಲಿಸಿದರೆ ಬಹಳ ಮಂದಿಗೆ ಅಲರ್ಜಿ ಮರಳುತ್ತದೆ, ಯಾಕೆಂದರೆ ಹಳೆಯ ನೆನಪು ಇಟ್ಟುಕೊಂಡ ಕೋಶಗಳು ಎಲ್ಲೂ ಹೋಗಿರುವುದಿಲ್ಲ. 2024ರಲ್ಲಿ ಎರಡು ತಂಡಗಳು ಆ ನೆನಪನ್ನು ಹೊತ್ತ ಒಂದು ಬಗೆಯ ಬಿ ಕೋಶಗಳನ್ನು ಗುರುತಿಸಿವೆ. ಅವು ಐಜಿಇ ತಯಾರಿಸದೆ ಸುಮ್ಮನೆ ಕೂತಿರುತ್ತವೆ, ಕರೆ ಬಂದಾಗ ಐಜಿಇ ತಯಾರಿಸುವ ಕೋಶಗಳಾಗುತ್ತವೆ.

ಅತ್ತೆಯವರ ಮಾತು ಪೂರ್ತಿ ಸರಿಯಾಗುವುದು ಇನ್ನೂ ಅಲರ್ಜಿ ಬಾರದ ಕೂಸುಗಳ ವಿಷಯದಲ್ಲಿ. 2015ರಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಮೊದಲ ವರ್ಷದಲ್ಲೇ ಕಡಲೆಕಾಯಿ ಅಂಶ ತಿನ್ನಿಸಲು ಶುರು ಮಾಡಿದರು. ಶುರುವಿನಲ್ಲಿ ಚರ್ಮ ಪರೀಕ್ಷೆ ನೆಗೆಟಿವ್ ಇದ್ದವರಲ್ಲಿ, ಐದು ವರ್ಷ ಆಗುವಾಗ ತಿಂದವರಲ್ಲಿ 1.9 ಶೇಕಡ, ದೂರ ಇಟ್ಟವರಲ್ಲಿ 13.7 ಶೇಕಡ ಮಕ್ಕಳಿಗೆ ಅಲರ್ಜಿ ಇತ್ತು. ಮನೆಯಲ್ಲಿ ಚಿಕ್ಕ ತಂಗಿ ತಮ್ಮ ಬಂದರೆ ಅಣ್ಣನಿಗೆ ಆಗಲ್ಲ ಅಂತ ಅವರಿಗೆ ಮೊಟ್ಟೆ ತಡ ಮಾಡಬೇಡಿ. ವೈದ್ಯರನ್ನು ಕೇಳಿ ಬೇಗ ಶುರು ಮಾಡಿ.

ನಿಮ್ಮ ಮಗನಿಗೆ ನಾನು ಮೊದಲು ಮಾಡಿಸುವುದು ಕೇಕಿನ ಪರೀಕ್ಷೆ. ಕೇಕಿಗೆ ತುಟಿ ಊದುವುದಿಲ್ಲ ಅನ್ನುವುದು ಒಳ್ಳೆಯ ಸುದ್ದಿ. ಮೊಟ್ಟೆಯ ಓವಾಲ್ಬುಮಿನ್ ಅನ್ನುವ ಪ್ರೋಟೀನ್ ಬಿಸಿಗೆ ರೂಪ ಕಳೆದುಕೊಳ್ಳುತ್ತದೆ, ಓವೊಮ್ಯೂಕಾಯಿಡ್ ಅನ್ನುವುದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೊಟ್ಟೆ ಅಲರ್ಜಿ ಇರುವ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿ ಬೇಯಿಸಿದ ಹಿಟ್ಟಿನಲ್ಲಿ ಸೇರಿದ ಮೊಟ್ಟೆಯನ್ನು ತಾಳಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಕೂರಿಸಿ ಅಳೆದು ಕೊಟ್ಟು ನೋಡಿದರೆ ಒಂದು ತೀರ್ಮಾನಕ್ಕೆ ಬರಬಹುದು. ಆದರೆ ಬೇಕರಿ ಕೇಕಿನಲ್ಲಿ ಗೋಧಿ, ಹಾಲು, ಕ್ರೀಮು ಕೂಡ ಇದೆ. ಎರಡು ಮೂರು ದಿನದ ಹೊಟ್ಟೆನೋವಿಗೆ ಹಾಲೇ ಕಾರಣ ಇರಬಹುದು. ಜಂತುಹುಳ ಇರಬಹುದು, ಮಲಬದ್ಧತೆ ಇರಬಹುದು. ಜಂತುಹುಳ ಇದ್ದರೂ ರಕ್ತದಲ್ಲಿ ಇಯೊಸಿನೋಫಿಲ್ ಏರುತ್ತದೆ. ಹಾಗಾಗಿ ಮೊದಲು ಮಲ ಪರೀಕ್ಷೆ, ಎರಡು ವಾರ ಏನು ತಿಂದ, ಯಾವಾಗ ನೋವು ಅಂತ ನೋಟ್ ಪುಸ್ತಕದಲ್ಲಿ ಬರೆದಿಡಿ. ಕೊಳವೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿ ಮಾತು ಆಮೇಲೆ.

ತುರ್ತಿನ ವಿಷಯದಲ್ಲಿ ಮಾತ್ರ ತಡ ಬೇಡ. ಉಸಿರು ಕಟ್ಟುವುದು, ದನಿ ಬದಲಾಗುವುದು, ಮಂಕಾಗುವುದು, ತುಟಿ ಊದುವುದರ ಜೊತೆ ಬಿಡದೆ ವಾಂತಿ, ಇವಕ್ಕೆ ಔಷಧಿ ಅಡ್ರಿನಲಿನ್. ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಬೇಕು. ಅಲರ್ಜಿ ಮಾತ್ರೆ ಅದರ ಜಾಗ ತುಂಬುವುದಿಲ್ಲ. ಜುಲೈ ತಿಂಗಳಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ನಿಮ್ಮ ಮನೆಯಿಂದ ಮಡಿಕೇರಿಗೆ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. ಮಗುವಿನ ತೂಕಕ್ಕೆ ಎಷ್ಟು ಅಂತ ವೈದ್ಯರ ಕೈಯಲ್ಲಿ ಬರೆಸಿ, ಚುಚ್ಚುವುದನ್ನು ಕಲಿತು, ಆಂಪೂಲ್ ಮತ್ತು ಸಿರಿಂಜ್ ಮನೆಯಲ್ಲಿಡಿ. ಅವಧಿ ಮುಗಿಯುವ ದಿನ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಮೊದಲೇ ಹೋಗಿ ಮಗುವಿನ ವಿಷಯ ಹೇಳಿಡಿ.

ಕೊನೆಗೆ ನೀವು ಬರೆಯದ ಒಂದು ಸಂಗತಿ ಕೇಳಬೇಕು. ಮಗ ಊಟಕ್ಕೆ ಕೂತರೆ ಎಲ್ಲರಿಗಿಂತ ಕೊನೆಗೆ ಏಳುತ್ತಾನಾ? ಅಕ್ಕಿ ಒಟ್ಟಿ, ಕಡಂಬುಟ್ಟಿನ ಹಾಗೆ ಗಟ್ಟಿಯಾದದ್ದು ತಿನ್ನುವಾಗ ತುತ್ತು ತುತ್ತಿಗೂ ನೀರು ಕುಡಿಯುತ್ತಾನಾ? ಮಾಂಸದ ತುಂಡು ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ಅನ್ನುತ್ತಾನಾ? ಹೊಟ್ಟೆ, ಕರುಳಿನಲ್ಲಿ ಇಯೊಸಿನೋಫಿಲ್ ಸ್ವಲ್ಪ ಇರುವುದು ಸಹಜ. ಅನ್ನನಾಳದಲ್ಲಿ ಇರಬಾರದು. ಅಲ್ಲಿ ಅವು ಮನೆ ಮಾಡಿಕೊಂಡರೆ ಅದೊಂದು ಬೇರೆ ಕಾಯಿಲೆ. ಅದಕ್ಕೆ ಹಾಲು ದೊಡ್ಡ ಕಾರಣ, ಚಿಕಿತ್ಸೆಯೂ ಬೇರೆ. ಹೌದು ಅಂತಾದರೆ ಎಂಡೋಸ್ಕೋಪಿಯನ್ನು ಮುಂದೆ ಹಾಕಬೇಡಿ, ನನಗೂ ಬರೆದು ತಿಳಿಸಿ.